ದೇಶ ಬದಲಿಸುವ ಮುನ್ನ ಮೈಲ್ಸ್ ಲೆಕ್ಕ

ಮನೆ ಅಡ್ವಾನ್ಸ್ ವಾಪಸ್ ಪಡೆಯುವುದು, ಗ್ಯಾಸ್ ಕನೆಕ್ಷನ್ ಸರೆಂಡರ್ ಮಾಡುವುದು, ಸ್ಕೂಟರ್ ಮಾರುವುದು, ಅಪ್ಪ-ಅಮ್ಮನ ಫೋನಿನಲ್ಲಿ ವಿಡಿಯೊ ಕಾಲ್ ಹೇಗೆಂದು ತೋರಿಸಿಕೊಡುವುದು. ಬೆಂಗಳೂರಿನಿಂದ ಆನ್‌ಸೈಟ್‌ಗೋ ಖಾಯಮ್ಮಾಗಿಯೋ ಹೊರಡುವವರ ಪಟ್ಟಿಯಲ್ಲಿ ಇವೆಲ್ಲ ಇರುತ್ತವೆ. ವಿಮಾನ ಕಂಪನಿಯ ಮೈಲ್ಸ್ ಖಾತೆ, ಅಂದರೆ ಹಾರಿದಷ್ಟೂ ಸೇರುವ, ಆಮೇಲೆ ಟಿಕೆಟ್ ಮಾಡಲು ಬರುವ ಅಂಕಗಳ ಖಾತೆ ಮಾತ್ರ ಇರುವುದಿಲ್ಲ. ಹೋಗಿ ಆರು ತಿಂಗಳಾದ ಮೇಲೆ, ಹೊಸ ಮೊಬೈಲ್ ನಂಬರ್ ಹಾಕೋಣವೆಂದು ಪ್ರೊಫೈಲ್ ತೆರೆದಾಗ ‘ವಾಸಿಸುವ ದೇಶ’ ಎಂಬ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಇಂಡಿಯಾ ತೆಗೆದು ಬೇರೆ ದೇಶ ಆರಿಸಿದರೆ ಗೋಲ್ಡ್ ಸ್ಟೇಟಸ್ (ಹೆಚ್ಚು ಹಾರುವವರಿಗೆ ಲೌಂಜ್, ಹೆಚ್ಚುವರಿ ಬ್ಯಾಗಿನಂಥ ಸೌಲಭ್ಯ ಕೊಡುವ ದರ್ಜೆ) ಹೋದೀತೇ, ಮೈಲ್ಸ್ ಸೊನ್ನೆಯಾದೀತೇ ಎಂಬ ಅಳುಕು ಆಗ ಶುರುವಾಗುತ್ತದೆ.

ಎರಡೂ ಆಗುವುದಿಲ್ಲ. ಆ ಪೆಟ್ಟಿಗೆಯೊಂದರಿಂದ ಕೈತಪ್ಪುವುದು ಕಡಿಮೆ. ಕೈತಪ್ಪುವುದು ಅದರ ಸುತ್ತಮುತ್ತಲಿನದು: ಭಾರತದ ಕ್ರೆಡಿಟ್ ಕಾರ್ಡಿನಲ್ಲಿ ಉಳಿದುಹೋದ ಪಾಯಿಂಟ್ಸ್, ಬಂದ್ ಆದ ಸಿಮ್‌ಗೆ ಹೋಗುವ ಒಟಿಪಿ, ಎಲ್ಲರೂ ಒಂದೇ ಮನೆಯಲ್ಲಿರಬೇಕೆನ್ನುವ ಕುಟುಂಬ ಖಾತೆ, ಪಾಸ್‌ಪೋರ್ಟಿಗೂ ಟಿಕೆಟ್ಟಿಗೂ ತಾಳೆಯಾಗದ ಇನಿಷಿಯಲ್ಲು. ಇವನ್ನು ಯಾವ ಕ್ರಮದಲ್ಲಿ ಮುಗಿಸುತ್ತೀರಿ ಎನ್ನುವುದರ ಮೇಲೆ ಲಾಭ-ನಷ್ಟ ನಿಂತಿದೆ. ದೇಶದ ಪೆಟ್ಟಿಗೆಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಆ ಪೆಟ್ಟಿಗೆ ನಿರ್ಧರಿಸುವುದೇನು

ಮೆಂಬರ್‌ಶಿಪ್ ನಂಬರ್ ಇರುವುದು ವ್ಯಕ್ತಿಯ ಹೆಸರಿಗೆ, ದೇಶದ ಹೆಸರಿಗಲ್ಲ. ಏರ್ ಇಂಡಿಯಾದ ಮಹಾರಾಜ ಕ್ಲಬ್ ಇರಲಿ, ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಇರಲಿ, ಎಮಿರೇಟ್ಸ್‌ನ ಸ್ಕೈವಾರ್ಡ್ಸ್ ಇರಲಿ, ಊರು ಬದಲಾದರೂ ನಂಬರ್ ಅದೇ, ಮೈಲ್ಸ್ ಅದೇ, ಸ್ಟೇಟಸ್ಸಿನ ಅವಧಿಯೂ ಅದೇ. ಹೊಸ ದೇಶಕ್ಕೆ ಹೋದಮೇಲೆ ಅದೇ ಕಂಪನಿಯಲ್ಲಿ ಹೊಸ ಖಾತೆ ತೆರೆಯುವುದು ತೀರಾ ಸಾಮಾನ್ಯ ತಪ್ಪು. ಒಬ್ಬರಿಗೆ ಒಂದೇ ಖಾತೆ ಎಂಬ ನಿಯಮ ಎಲ್ಲ ಕಡೆ ಇದೆ. ಎರಡು ಖಾತೆಗಳಲ್ಲಿ ಅರ್ಧರ್ಧ ಮೈಲ್ಸ್ ಸೇರಿ, ಯಾವುದರಲ್ಲೂ ಟಿಕೆಟ್ಟಿಗೆ ಸಾಲದಂತಾಗಿ, ಕೊನೆಗೆ ಕಾಲ್ ಸೆಂಟರ್‌ನವರ ಕಾಲು ಹಿಡಿದು ಒಂದುಗೂಡಿಸುವ ಪಾಡು ಯಾರಿಗೂ ಬೇಡ.

ಸ್ಟೇಟಸ್ಸಿನ ಮಟ್ಟಿಗೆ ಮೊದಲು ಹೀಗಿರಲಿಲ್ಲ. 2014ರಲ್ಲಿ ಅಮೆರಿಕದ ಯುನೈಟೆಡ್ ಮತ್ತು ಡೆಲ್ಟಾ ಒಂದು ನಿಯಮ ತಂದವು: ಸ್ಟೇಟಸ್ ಬೇಕಾದರೆ ಹಾರಿದ ದೂರ ಸಾಲದು, ವರ್ಷಕ್ಕೆ ಇಂತಿಷ್ಟು ಡಾಲರ್ ಖರ್ಚೂ ಆಗಿರಬೇಕು. ಅಮೆರಿಕದ ಹೊರಗೆ ವಿಳಾಸ ಇದ್ದವರಿಗೆ ಇದರಿಂದ ವಿನಾಯಿತಿ ಇತ್ತು. ಅಗ್ಗದ ಟಿಕೆಟ್ಟಿನಲ್ಲಿ ಹೆಚ್ಚು ದೂರ ಹಾರುವವರಿಗೆ ಭಾರತದ ವಿಳಾಸ ಎಂದರೆ ಚಿನ್ನ. ಯುನೈಟೆಡ್ 2020ರಲ್ಲಿ ಎಲ್ಲರಿಗೂ ಒಂದೇ ಲೆಕ್ಕ ಮಾಡಿದ ಮೇಲೆ ಅಲ್ಲಿ ಆ ಬಾಗಿಲು ಮುಚ್ಚಿತು. ಏರ್ ಫ್ರಾನ್ಸ್-ಕೆಎಲ್‌ಎಂನ ಫ್ಲೈಯಿಂಗ್ ಬ್ಲೂನಲ್ಲೂ 2018ರ ಏಪ್ರಿಲ್‌ವರೆಗೆ ಫ್ರಾನ್ಸ್ ಮತ್ತು ಮೊನಾಕೊ ನಿವಾಸಿಗಳು ಸ್ಟೇಟಸ್ಸಿಗೆ ಬೇರೆಯವರಿಗಿಂತ ಹೆಚ್ಚು ಮೈಲ್ಸ್ ಕೂಡಿಸಬೇಕಿತ್ತು. ಎಕ್ಸ್‌ಪಿ ಎಂಬ ಸ್ಟೇಟಸ್ ಅಂಕಗಳ ಪದ್ಧತಿ ಬಂದಾಗ ಅದೂ ಹೋಯಿತು. ‘ಅಡ್ರೆಸ್ ಬದಲಿಸಬೇಡಿ, ಬೆಂಗಳೂರಿನದ್ದೇ ಇರಲಿ’ ಎಂಬ ಸಲಹೆ ವಾಟ್ಸ್‌ಆಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿರುವುದು ಆ ಕಾಲದ ಬಾಲವಾಗಿ. ಅದಕ್ಕೀಗ ಬುಡವಿಲ್ಲ. ಸುಳ್ಳು ವಿಳಾಸ ಸಿಕ್ಕಿಬಿದ್ದರೆ ಖಾತೆ ಮುಚ್ಚಿ ಮೈಲ್ಸ್ ಮುಟ್ಟುಗೋಲು ಹಾಕುವ ಹಕ್ಕನ್ನು ಮಾತ್ರ ಕಂಪನಿಗಳು ನಿಯಮಾವಳಿಯಲ್ಲಿ ಇಟ್ಟುಕೊಂಡಿವೆ.

ಹಾಗಾದರೆ ದೇಶ ಎಲ್ಲಿ ಎಣಿಕೆಗೆ ಬರುತ್ತದೆ? ವಿಮಾನದ ಹೊರಗೆ. ಕಂಪನಿಯ ಹೆಸರಿರುವ ಕ್ರೆಡಿಟ್ ಕಾರ್ಡ್ ಆಯಾ ದೇಶದ ಬ್ಯಾಂಕಿನದು, ಆಯಾ ದೇಶದವರಿಗೇ. ಬೇರೆ ಕಂಪನಿಯ ಸ್ಟೇಟಸ್ ತೋರಿಸಿದರೆ ತಮ್ಮದನ್ನೂ ಕೊಡುವ ಸ್ಟೇಟಸ್ ಮ್ಯಾಚ್ ಆಫರ್‌ಗಳು ಹಲವು ಸಲ ನಿರ್ದಿಷ್ಟ ದೇಶದ ನಿವಾಸಿಗಳಿಗೆ ಸೀಮಿತ. ಅಂಗಡಿ-ಮುಂಗಟ್ಟಿನ ಜತೆಗಿನ ಒಪ್ಪಂದಗಳೂ ಹಾಗೆಯೇ. ಬ್ರಿಟನ್ನಿನಲ್ಲಿ ಸೇನ್ಸ್‌ಬರಿ ಸೂಪರ್ ಮಾರ್ಕೆಟ್ಟಿನ ನೆಕ್ಟರ್ ಪಾಯಿಂಟ್ಸನ್ನೂ ಬ್ರಿಟಿಷ್ ಏರ್‌ವೇಸ್‌ನ ಮೈಲ್ಸ್ ಆದ ಏವಿಯೋಸನ್ನೂ ಒಂದಕ್ಕೊಂದು ಬದಲಿಸಿಕೊಳ್ಳಬಹುದು, 400 ನೆಕ್ಟರ್‌ಗೆ 250 ಏವಿಯೋಸ್. ದಿನಸಿ ತಂದಷ್ಟೂ ಟಿಕೆಟ್ ಹತ್ತಿರವಾಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಇದು ಸಾಧ್ಯವಿಲ್ಲ.

ಜಪಾನಿನ ಕಂಪನಿಗಳು ದೇಶವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿವೆ. ಆಲ್ ನಿಪ್ಪಾನ್ ಏರ್‌ವೇಸ್‌ನಲ್ಲಿ (ಎಎನ್‌ಎ) ಕುಟುಂಬದವರ ಮೈಲ್ಸ್ ಒಟ್ಟುಗೂಡಿಸುವ ಫ್ಯಾಮಿಲಿ ಅಕೌಂಟ್ ಸೌಲಭ್ಯ ಜಪಾನಿನ ಹೊರಗೆ ವಾಸಿಸುವವರಿಗೆ ಮಾತ್ರ. ಜಪಾನಿನೊಳಗಿರುವವರಿಗೆ ಅದೇ ಕೆಲಸ ಅಲ್ಲಿನ ಎಎನ್‌ಎ ಕಾರ್ಡಿನ ಮೂಲಕ. ಬೆಂಗಳೂರಿನಿಂದ ಟೋಕಿಯೊಗೆ ನೇರ ವಿಮಾನ ಹಾರಿಸುವ ಜಪಾನ್ ಏರ್‌ಲೈನ್ಸ್‌ನಲ್ಲೂ ಇದೇ ರೀತಿ: ಹೊರಗಿನವರಿಗೆ ಜಾಲ್ ಫ್ಯಾಮಿಲಿ ಕ್ಲಬ್, ಒಳಗಿನವರಿಗೆ ಜಾಲ್ ಕಾರ್ಡ್. ಟೋಕಿಯೊಗೆ ಮನೆ ಸಾಗಿಸುವವರು ಕುಟುಂಬದ ಮೈಲ್ಸ್ ಒಟ್ಟಿಗೆ ಇರುವಾಗಲೇ ಟಿಕೆಟ್ ಮಾಡಿಕೊಂಡು, ಆಮೇಲೆ ವಿಳಾಸ ಬದಲಿಸುವುದು ಜಾಣತನ.

ಮೊದಲ ಕೆಲಸ ಬ್ಯಾಂಕಿನದು

ಭಾರತದಲ್ಲಿ ಮೈಲ್ಸ್ ಕೂಡಿಸುವವರಲ್ಲಿ ಹೆಚ್ಚಿನವರ ಗಂಟು ವಿಮಾನ ಕಂಪನಿಯ ಖಾತೆಯಲ್ಲಿ ಇರುವುದೇ ಇಲ್ಲ, ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟ್ಸ್ ರೂಪದಲ್ಲಿ ಇರುತ್ತದೆ. ದೇಶ ಬಿಡುವಾಗ ಅತಿ ಹೆಚ್ಚು ಕಳೆದುಹೋಗುವುದೂ ಇದೇ.

ಕಾರಣ ವಿದೇಶಿ ವಿನಿಮಯದ ಫೆಮಾ ಕಾನೂನಿನಲ್ಲಿದೆ. ಆದಾಯ ತೆರಿಗೆಯ 182 ದಿನದ ಲೆಕ್ಕ ಎಲ್ಲರಿಗೂ ಗೊತ್ತು. ಫೆಮಾದ ಲೆಕ್ಕ ಬೇರೆ. ಉದ್ಯೋಗಕ್ಕೆಂದು ವಿದೇಶಕ್ಕೆ ಹೊರಟವರು ಹೊರಟಾಗಿನಿಂದಲೇ ಅನಿವಾಸಿ. ಆಗ ಮಾಮೂಲಿ ಉಳಿತಾಯ ಖಾತೆಯನ್ನು ಅನಿವಾಸಿಗಳಿಗಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಆ ಖಾತೆಗೆ ಜೋಡಿಸಿದ ಕ್ರೆಡಿಟ್ ಕಾರ್ಡಿನ ಆಟೊ ಪೇ ಈ ಬದಲಾವಣೆಯಲ್ಲಿ ತುಂಡಾದರೆ, ಒಂದು ಬಿಲ್ ತಪ್ಪುತ್ತದೆ, ಲೇಟ್ ಫೀ ಬೀಳುತ್ತದೆ, ಕಾರ್ಡ್ ಬ್ಲಾಕ್ ಆಗುತ್ತದೆ, ಜತೆಗೆ ಪಾಯಿಂಟ್ಸೂ ಸಿಕ್ಕಿಹಾಕಿಕೊಳ್ಳುತ್ತವೆ. ಕಾರ್ಡ್ ಮುಚ್ಚಿದರಂತೂ ಉಳಿದ ಪಾಯಿಂಟ್ಸ್ ಕೈತಪ್ಪುವುದೇ ಹೆಚ್ಚು.

ಹಾಗಾಗಿ ಹೊರಡಲು ಮೂರು ತಿಂಗಳಿರುವಾಗಲೇ ಪಾಯಿಂಟ್ಸನ್ನು ವಿಮಾನ ಕಂಪನಿಗೆ ಸಾಗಿಸಲು ಶುರು ಮಾಡಬೇಕು. ಮೂರು ತಿಂಗಳು ಯಾಕೆಂದರೆ, ಕೆಲವು ಬ್ಯಾಂಕ್‌ಗಳು ವರ್ಷಕ್ಕೆ ಇಷ್ಟೇ ಪಾಯಿಂಟ್ಸ್ ಸಾಗಿಸಬಹುದೆಂದು ಮಿತಿ ಹಾಕಿವೆ. ಮಿತಿ ಕ್ಯಾಲೆಂಡರ್ ವರ್ಷದ ಲೆಕ್ಕದ್ದಾದರೆ, ಜನವರಿ-ಫೆಬ್ರವರಿಯಲ್ಲಿ ಹೊರಡುವವರು ಡಿಸೆಂಬರ್‌ನಲ್ಲಿ ಒಂದು ಪಾಲು, ಜನವರಿ 1 ದಾಟಿದ ಮೇಲೆ ಇನ್ನೊಂದು ಪಾಲು ಸಾಗಿಸಿ ಎರಡು ವರ್ಷದ ಮಿತಿಯನ್ನೂ ಬಳಸಿಕೊಳ್ಳಬಹುದು. ಸಾಗಣೆಗೆ ಶುಲ್ಕ ಇದ್ದರೆ ಅದರ ಮೇಲೆ ಶೇ 18 ಜಿಎಸ್‌ಟಿ. ಸಾಗಿಸಲು ಆಗುವುದು ಕಾರ್ಡ್‌ದಾರರ ಸ್ವಂತ ಹೆಸರಿನ ಮೈಲ್ಸ್ ಖಾತೆಗೆ ಮಾತ್ರ, ಹಾಗಾಗಿ ಎರಡು ಕಡೆಯ ಹೆಸರು ಹೊಂದಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಒಮ್ಮುಖ ರಸ್ತೆ. ಒಮ್ಮೆ ಕಂಪನಿಯ ಖಾತೆಗೆ ಹೋದದ್ದು ಬ್ಯಾಂಕಿಗೆ ವಾಪಸ್ ಬರುವುದಿಲ್ಲ.

ಅದಕ್ಕೇ ಎಲ್ಲಿಗೆ ಸಾಗಿಸುವುದು ಎನ್ನುವುದು ನಿಜವಾದ ಪ್ರಶ್ನೆ. ಹೊಸ ದೇಶದ ಕಾರ್ಡ್‌ಗಳಿಂದಲೂ ಪಾಯಿಂಟ್ಸ್ ಸೇರಿಸಬಹುದಾದ ಖಾತೆಗೆ ಸಾಗಿಸಬೇಕು. ಆಗ ಇಲ್ಲಿನ 40 ಸಾವಿರ, ಅಲ್ಲಿನ 30 ಸಾವಿರ ಒಂದೇ ಹುಂಡಿಗೆ ಬೀಳುತ್ತವೆ. ಅಮೆರಿಕದಲ್ಲಿ ಚೇಸ್, ಅಮೆರಿಕನ್ ಎಕ್ಸ್‌ಪ್ರೆಸ್, ಸಿಟಿ, ಕ್ಯಾಪಿಟಲ್ ಒನ್ ನಾಲ್ಕರ ಪಾಯಿಂಟ್ಸೂ ಕ್ರಿಸ್‌ಫ್ಲೈಯರ್‌ಗೂ ಫ್ಲೈಯಿಂಗ್ ಬ್ಲೂಗೂ ಹೋಗುತ್ತವೆ. ಭಾರತದ ಕೆಲವು ಕಾರ್ಡ್‌ಗಳದೂ ಹೋಗುತ್ತವೆ. ಸಿಂಗಪುರಕ್ಕೆ ಹೋಗುವವರಿಗೆ ಕ್ರಿಸ್‌ಫ್ಲೈಯರ್ ಬಿಟ್ಟು ಬೇರೆ ಯೋಚನೆಯೇ ಬೇಡ. ಲಂಡನ್ನಿಗೆ ಏವಿಯೋಸ್. ಏವಿಯೋಸಿನಲ್ಲಿ ಇನ್ನೊಂದು ಅನುಕೂಲ ಇದೆ: ಬ್ರಿಟಿಷ್ ಏರ್‌ವೇಸ್, ಕತಾರ್, ಫಿನ್‌ಏರ್, ಐಬೀರಿಯಾ ಖಾತೆಗಳ ನಡುವೆ ಓಡಾಡಿಸಬಹುದು. ಜೋಡಿಸುವಾಗ ಎರಡು ಖಾತೆಯ ವಿವರಗಳೂ ತಾಳೆಯಾಗಬೇಕು. ಒಂದರಲ್ಲಿ ಹಳೆ ಕಂಪನಿಯ ಇಮೇಲ್ ಇದ್ದರೆ ಅಲ್ಲೇ ನಿಂತಿತು. ನೋಟಿಸ್ ಪೀರಿಯಡ್‌ನಲ್ಲಿರುವವರು ಆಫೀಸ್ ಇಮೇಲ್ ಇರುವ ಖಾತೆಗಳನ್ನೆಲ್ಲ ಕೊನೆಯ ದಿನಕ್ಕೆ ಮೊದಲೇ ಸ್ವಂತ ಇಮೇಲ್‌ಗೆ ಬದಲಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಸಂಜೆಯೇ ಆ ಇಮೇಲ್ ಸತ್ತಿರುತ್ತದೆ.

ಹೊರದೇಶದಲ್ಲಿದ್ದುಕೊಂಡು ಭಾರತದ ಕಾರ್ಡನ್ನೇ ಉಜ್ಜುತ್ತಾ ಪಾಯಿಂಟ್ಸ್ ಗಳಿಸುವ ಆಸೆ ಕೆಲವರಿಗೆ. ಲೆಕ್ಕ ಹಾಕಿ ನೋಡಿ. ವಿದೇಶಿ ಕರೆನ್ಸಿಯ ಖರ್ಚಿಗೆ ಬಹಳಷ್ಟು ಕಾರ್ಡ್‌ಗಳ ಮಾರ್ಕಪ್ (ಕರೆನ್ಸಿ ಬದಲಿಸುವ ಶುಲ್ಕ) ಶೇ 3.5, ಅದರ ಮೇಲೆ ಜಿಎಸ್‌ಟಿ ಸೇರಿ ಶೇ 4.13. ಒಂದು ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ದಂಡ. 150 ರೂಪಾಯಿಗೆ 5 ಪಾಯಿಂಟ್ಸ್ ಕೊಡುವ ಉದಾರ ಕಾರ್ಡ್ ಆದರೂ ಲಕ್ಷಕ್ಕೆ ಬರುವುದು 3,333 ಪಾಯಿಂಟ್ಸ್. ಒಂದು ಪಾಯಿಂಟಿಗೆ ಒಂದು ರೂಪಾಯಿ ಎಂದು ಧಾರಾಳವಾಗಿ ಹಿಡಿದರೂ ಕೈಯಿಂದಲೇ 797 ರೂಪಾಯಿ ಹೋಯಿತು. ಮಾರ್ಕಪ್ ಶೇ 2 ಇರುವ ಕಾರ್ಡಿನಲ್ಲಿ ಲೆಕ್ಕ ತಿರುಗಿ 973 ರೂಪಾಯಿ ಲಾಭ ಕಾಣುತ್ತದೆ, ನಿಜ. ಆದರೆ ಅನಿವಾಸಿಯಾದ ಮೇಲೆ ನಿವಾಸಿಯ ಕಾರ್ಡನ್ನು ಬ್ಯಾಂಕಿಗೆ ತಿಳಿಸದೆ ಓಡಿಸುವುದು ಅಷ್ಟು ಸಣ್ಣ ಲಾಭಕ್ಕೆ ತಕ್ಕ ಸಾಹಸವಲ್ಲ.

ಸಿಮ್ ವಿಷಯ ಚಿಕ್ಕದು, ಆದರೆ ಇಡೀ ವ್ಯವಸ್ಥೆ ಅದರ ಮೇಲೆ ನೇತಾಡುತ್ತದೆ. 90 ದಿನ ಕರೆ, ಮೆಸೇಜು, ಡೇಟಾ ಏನೂ ಬಳಸದ ಪ್ರೀಪೇಯ್ಡ್ ನಂಬರನ್ನು ಕಂಪನಿಗಳು ಬಂದ್ ಮಾಡಬಹುದು, ಆಮೇಲೆ ಅದು ಬೇರೆಯವರಿಗೆ ಹೋಗುತ್ತದೆ. ನಿಮ್ಮ ಬ್ಯಾಂಕಿನ ಒಟಿಪಿ ಅಪರಿಚಿತರೊಬ್ಬರ ಫೋನಿನಲ್ಲಿ ಟಿಂಗ್ ಎನ್ನುತ್ತಿರುತ್ತದೆ. ರೋಮಿಂಗ್ ಚಾಲೂ ಮಾಡಿಸಿ, ಪ್ಲಾನ್ ಮುಗಿಯದಂತೆ ಮನೆಯವರಿಂದ ರೀಚಾರ್ಜ್ ಮಾಡಿಸುತ್ತಿದ್ದರೆ ಮೆಸೇಜು ಬರುತ್ತದೆ. ಮೈಲ್ಸ್ ಖಾತೆಗಳಲ್ಲಂತೂ ಹೊಸ ನಂಬರ್ ಹಾಕುವವರೆಗೆ ಹಳೆಯದು ಜೀವಂತ ಇರಲೇಬೇಕು, ಯಾಕೆಂದರೆ ನಂಬರ್ ಬದಲಿಸಲು ಒಟಿಪಿ ಬರುವುದು ಹಳೆ ನಂಬರಿಗೇ.

ಬಿಟ್ಟರೆ ಉಳಿಯುವ ಮೈಲ್ಸ್, ಬಿಟ್ಟರೆ ಸಾಯುವ ಮೈಲ್ಸ್

ಹೊಸ ದೇಶದಲ್ಲಿ ಮೊದಲ ಎರಡು ವರ್ಷ ಊರಿಗೆ ಬರುವುದೇ ಅಪರೂಪ. ವೀಸಾ ಸ್ಟ್ಯಾಂಪಿಂಗ್, ಹೊಸ ಕೆಲಸ, ಮಗುವಿನ ಶಾಲೆ ಎಂದು ಹಾರಾಟ ನಿಲ್ಲುತ್ತದೆ. ಆಗ ಯಾವ ಮೈಲ್ಸ್ ತಾವಾಗಿ ಉಳಿಯುತ್ತವೆ ಎನ್ನುವುದು ಮುಖ್ಯ.

ಯುನೈಟೆಡ್ ಮತ್ತು ಡೆಲ್ಟಾ ಮೈಲ್ಸ್‌ಗೆ ಮುಕ್ತಾಯ ದಿನಾಂಕವೇ ಇಲ್ಲ. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ 24 ತಿಂಗಳು, ಬ್ರಿಟಿಷ್ ಏರ್‌ವೇಸ್‌ನಲ್ಲಿ 36 ತಿಂಗಳು, ಕ್ವಾಂಟಾಸ್‌ನಲ್ಲಿ 18 ತಿಂಗಳು ಖಾತೆಯಲ್ಲಿ ಏನೂ ಚಟುವಟಿಕೆ ಇಲ್ಲದಿದ್ದರೆ ಹೋಗುತ್ತವೆ. ನಡುವೆ ಹೋಟೆಲ್ ಬುಕಿಂಗ್ ಒಂದರಿಂದ ಹತ್ತು ಪಾಯಿಂಟ್ಸ್ ಬಂದರೂ ಎಲ್ಲದರ ಆಯುಷ್ಯ ಮತ್ತೆ ಮೊದಲಿನಿಂದ. ಫ್ಲೈಯಿಂಗ್ ಬ್ಲೂ ಇದೇ ಗುಂಪಿನದಾದರೂ ಸ್ವಲ್ಪ ಕಟ್ಟುನಿಟ್ಟು: 24 ತಿಂಗಳೊಳಗೆ ವಿಮಾನವನ್ನೇ ಹತ್ತಿರಬೇಕು, ಇಲ್ಲವೇ ಅವರ ಹೆಸರಿನ ಕಾರ್ಡ್ ಬಳಸಿರಬೇಕು. ಆ ಕಾರ್ಡ್ ನಿಮ್ಮ ದೇಶದಲ್ಲಿ ಸಿಗಬೇಕಲ್ಲ, ದೇಶ ಮತ್ತೆ ಅಡ್ಡ ಬರುವುದು ಹೀಗೆ.

ಕ್ರಿಸ್‌ಫ್ಲೈಯರ್ ಮತ್ತು ಸ್ಕೈವಾರ್ಡ್ಸ್ ಬೇರೆ ಜಾತಿ. ಅಲ್ಲಿ ಪ್ರತಿಯೊಂದು ಮೈಲಿಗೂ ಹುಟ್ಟಿದ ದಿನದಿಂದ ಮೂರು ವರ್ಷದ ಆಯುಷ್ಯ, ಎಷ್ಟೇ ಚಟುವಟಿಕೆ ಇದ್ದರೂ ಅದು ಬೆಳೆಯುವುದಿಲ್ಲ. ಸ್ಕೈವಾರ್ಡ್ಸ್‌ನಲ್ಲಿ ಮುಕ್ತಾಯ ನಿಮ್ಮ ಹುಟ್ಟಿದ ತಿಂಗಳ ಕೊನೆಗೆ ಬರುತ್ತದೆ. ಮೊದಲು ಹೇಳಿದ ಹುಂಡಿ ಕ್ರಿಸ್‌ಫ್ಲೈಯರ್ ಆದರೆ ಈ ಗಡಿಯಾರವನ್ನೂ ನೋಡಿಕೊಳ್ಳಬೇಕು. ಮೂರು ವರ್ಷದೊಳಗೆ ಸಿಂಗಪುರದ ದಾರಿಯಲ್ಲಿ ಯಾರಾದರೂ ಹಾರುವುದು ಖಚಿತವಿಲ್ಲದಿದ್ದರೆ, ಬ್ಯಾಂಕಿನಲ್ಲಿ ಮುಕ್ತಾಯ ದಿನಾಂಕ ಇಲ್ಲದ ಪಾಯಿಂಟ್ಸನ್ನು ಆತುರಪಟ್ಟು ತಂದು ಗಡಿಯಾರದ ಕೆಳಗೆ ಇಡಬಾರದು.

ಸ್ಟೇಟಸ್ ಒಂದು ಕಡೆ, ಮೈಲ್ಸ್ ಇನ್ನೊಂದು ಕಡೆ

ಅಮೆರಿಕಕ್ಕೆ ಹೋದವರು ಮಾಡುವ ಮೊದಲ ಆಲೋಚನೆ: ‘ಇನ್ನು ಇಲ್ಲಿಯವನೇ ತಾನೆ, ಯುನೈಟೆಡ್‌ಗೆ ಬದಲಾಯಿಸಿಕೊಳ್ಳೋಣ.’ ಮೈಲ್ಸ್‌ಗೆ ಅದು ಸರಿ ಇರಬಹುದು. ಸ್ಟೇಟಸ್ಸಿಗೆ ಹಲವು ಸಲ ತಪ್ಪು.

ಏರ್ ಇಂಡಿಯಾ 2014ರ ಜುಲೈನಿಂದ, ಯುನೈಟೆಡ್ ಕೂಡ ಇರುವ ವಿಮಾನ ಕಂಪನಿಗಳ ಒಕ್ಕೂಟವಾದ ಸ್ಟಾರ್ ಅಲಯನ್ಸ್‌ನ ಸದಸ್ಯ. ಮಹಾರಾಜ ಕ್ಲಬ್‌ನ ಗೋಲ್ಡ್ ಎಂದರೆ ಸ್ಟಾರ್ ಅಲಯನ್ಸ್ ಗೋಲ್ಡ್. ಆ ಕಾರ್ಡ್ ಇದ್ದವರು ಯುನೈಟೆಡ್‌ನಲ್ಲಿ ಷಿಕಾಗೊದಿಂದ ಡೆನ್ವರ್‌ಗೆ ಹೋಗುವಾಗಲೂ, ಅಂದರೆ ಪೂರಾ ದೇಶದೊಳಗಿನ ಹಾರಾಟದಲ್ಲೂ, ಯುನೈಟೆಡ್ ಕ್ಲಬ್ ಲೌಂಜ್ ಒಳಗೆ ಹೋಗಬಹುದು. ಅದೇ ವಿಮಾನದಲ್ಲೋ ಅಲಯನ್ಸಿನ ಬೇರೆ ವಿಮಾನದಲ್ಲೋ ಹೋಗುವ ಇನ್ನೊಬ್ಬರನ್ನು ಕರೆದುಕೊಂಡೂ ಹೋಗಬಹುದು. ಯುನೈಟೆಡ್‌ನದೇ ಗೋಲ್ಡ್ ಸದಸ್ಯರಿಗೆ ಈ ಭಾಗ್ಯ ಇಲ್ಲ. ಅಂತರರಾಷ್ಟ್ರೀಯ ಪ್ರಯಾಣ ಸೇರಿದ್ದರೆ ಮಾತ್ರ ಅವರಿಗೆ ಬಾಗಿಲು ತೆರೆಯುತ್ತದೆ. ಮನೆಯವರಿಗಿಂತ ನೆಂಟರಿಗೆ ಮರ್ಯಾದೆ ಹೆಚ್ಚು. ಒನ್‌ವರ್ಲ್ಡ್ ಎಂಬ ಇನ್ನೊಂದು ಒಕ್ಕೂಟದಲ್ಲೂ ಹೀಗೆಯೇ: ಅಮೆರಿಕನ್ ಏರ್‌ಲೈನ್ಸ್ ಸದಸ್ಯರಿಗೆ ಬರೀ ದೇಶೀಯ ಪ್ರಯಾಣದಲ್ಲಿ ಸ್ಟೇಟಸ್ಸಿನ ಬಲದಿಂದ ಅಡ್ಮಿರಲ್ಸ್ ಕ್ಲಬ್ ಲೌಂಜ್ ಇಲ್ಲ, ಬ್ರಿಟಿಷ್ ಏರ್‌ವೇಸ್ ಸಿಲ್ವರ್ ಇದ್ದವರಿಗೆ ಇದೆ.

ಹಾಗಾಗಿ ಎರಡನ್ನೂ ಬೇರ್ಪಡಿಸಿ ನೋಡುವುದು ಒಳ್ಳೆಯದು. ಕಾರ್ಡಿನಿಂದ ಬರುವ ಮೈಲ್ಸ್ ಹೊಸ ದೇಶದಲ್ಲಿ ಸುಲಭವಾಗಿ ಸೇರುವ ಖಾತೆಗೆ ಹೋಗಲಿ. ಹಾರಾಟದ ಮೈಲ್ಸ್ ಹಳೆ ಸ್ಟೇಟಸ್ ಉಳಿಸುವಷ್ಟು ಬರುವುದಿದ್ದರೆ ಹಳೆ ಖಾತೆಗೇ ಬರಲಿ. ಉಳಿಸುವಷ್ಟು ಬರುವುದಿಲ್ಲ ಎಂದು ಖಚಿತವಾದರೆ ಹಳೆ ಕಾರ್ಡಿನ ಸೌಲಭ್ಯವನ್ನು ಅವಧಿ ಮುಗಿಯುವವರೆಗೆ ಅನುಭವಿಸುತ್ತಾ, ಹಾರಾಟವನ್ನು ಹೊಸ ಖಾತೆಗೆ ಹಾಕಬಹುದು. ಇದರಲ್ಲಿ ಒಂದು ತೊಡಕಿದೆ. ಚೆಕ್‌-ಇನ್ ಸಾಲು, ಬ್ಯಾಗಿಗೆ ಪ್ರಯಾರಿಟಿ ಟ್ಯಾಗ್, ಹೆಚ್ಚುವರಿ ತೂಕ ಎಲ್ಲ ಸಿಗುವುದು ಬುಕಿಂಗ್‌ನಲ್ಲಿರುವ ನಂಬರ್ ನೋಡಿ. ಮೈಲ್ಸ್ ಹೋಗುವುದೂ ಅದೇ ನಂಬರಿಗೆ. ಅದಕ್ಕೇ ಕೆಲವರು ಬ್ಯಾಗು ಕೊಟ್ಟು ಲೌಂಜ್ ಮುಗಿಸಿದ ಮೇಲೆ ಗೇಟಿನಲ್ಲಿ ನಂಬರ್ ಬದಲಿಸುತ್ತಾರೆ. ನಡೆಯುತ್ತದೆ, ಆದರೆ ಬದಲಾವಣೆ ಸಿಸ್ಟಮ್‌ನಲ್ಲಿ ಕೂತಿತೇ ಎಂದು ಹೊಸ ಬೋರ್ಡಿಂಗ್ ಪಾಸ್ ಮುದ್ರಿಸಿಕೊಂಡು ನೋಡಬೇಕು.

ತೂಕದ ವಿಷಯ ಸಣ್ಣದಲ್ಲ. ಸ್ಟಾರ್ ಗೋಲ್ಡ್‌ಗೆ ಕೆಜಿ ಲೆಕ್ಕದ ಮಾರ್ಗಗಳಲ್ಲಿ 20 ಕೆಜಿ ಹೆಚ್ಚು, ಪೀಸ್ ಲೆಕ್ಕದ ಮಾರ್ಗಗಳಲ್ಲಿ ಒಂದು ಬ್ಯಾಗ್ ಹೆಚ್ಚು. ಅಮೆರಿಕದ ದಾರಿಯಲ್ಲಿ ಅದು ಇನ್ನೊಂದು 23 ಕೆಜಿ. ಹುರಿಹಿಟ್ಟು, ಚಟ್ನಿಪುಡಿ, ಹಪ್ಪಳ, ಕುಕ್ಕರ್, ಮಗುವಿನ ತೊಟ್ಟಿಲಬಟ್ಟೆ ಎಲ್ಲ ಅದರಲ್ಲೇ ಹೋಗುತ್ತವೆ. ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 2ರಲ್ಲಿ ಬ್ಯಾಗ್ ಬಿಚ್ಚಿ ಕೂತು ಉಪ್ಪಿನಕಾಯಿ ಡಬ್ಬ ಹೊರತೆಗೆಯುವ ಕುಟುಂಬಗಳನ್ನು ನೋಡಿದವರಿಗೆ ಒಂದು ಬ್ಯಾಗಿನ ಬೆಲೆ ಗೊತ್ತು.

ಸ್ಟೇಟಸ್ ಮ್ಯಾಚ್ ಮೂಲಕ ಹೊಸ ಕಂಪನಿಗೆ ಜಿಗಿಯುವ ದಾರಿಯೂ ಇದೆ. ಅದು ಸಾಮಾನ್ಯವಾಗಿ ಎದುರಾಳಿ ಅಲಯನ್ಸಿನ ಕಾರ್ಡಿಗೆ. ಒಂದೇ ಅಲಯನ್ಸಿನೊಳಗೆ ಕೊಡುವುದಿಲ್ಲ. ಯುನೈಟೆಡ್‌ನದು 120 ದಿನದ ತಾತ್ಕಾಲಿಕ ಸ್ಟೇಟಸ್, ಅಷ್ಟರಲ್ಲಿ ಹಾರಿ ತೋರಿಸಿದರೆ ಮುಂದುವರಿಯುತ್ತದೆ. ಇಂಥ ಅವಕಾಶ ಬೇಕೆಂದಾಗ ಬೇಕಾದಷ್ಟು ಸಲ ಸಿಗುವುದಿಲ್ಲ. ಊರಿಗೆ ಬರುವ ಟಿಕೆಟ್ ಕೈಯಲ್ಲಿದ್ದಾಗ ಅರ್ಜಿ ಹಾಕಬೇಕೇ ಹೊರತು, ಹೊಸ ದೇಶಕ್ಕೆ ಕಾಲಿಟ್ಟ ವಾರವೇ ಹಾಕಿ ಮನೆ ಹುಡುಕುತ್ತಾ 120 ದಿನ ಕಳೆಯಬಾರದು.

ಹೊರಡುವ ಊರು ಬದಲಾದರೆ ಗಳಿಕೆ ಬದಲಾಗುತ್ತದೆ

ನಿಯಮ ಎಲ್ಲರಿಗೂ ಒಂದೇ ಎಂದ ಮಾತ್ರಕ್ಕೆ ಫಲವೂ ಒಂದೇ ಅಲ್ಲ. 2025ರ ಏಪ್ರಿಲ್ 1ರಿಂದ ಬ್ರಿಟಿಷ್ ಏರ್‌ವೇಸ್ ಸ್ಟೇಟಸ್ಸನ್ನು ಖರ್ಚಿಗೆ ಕಟ್ಟಿತು: ತೆರಿಗೆ ಬಿಟ್ಟು ಒಂದು ಪೌಂಡಿಗೆ ಒಂದು ಟಿಯರ್ ಪಾಯಿಂಟ್ (ಸ್ಟೇಟಸ್ಸಿಗೆ ಎಣಿಸುವ ಅಂಕ), ಸಿಲ್ವರ್‌ಗೆ 7,500, ಗೋಲ್ಡ್‌ಗೆ 20,000. ಬೆಂಗಳೂರು-ಲಂಡನ್ ಹೋಗಿಬರುವ ಎಕಾನಮಿ ಟಿಕೆಟ್ಟಿನಲ್ಲಿ ಲೆಕ್ಕಕ್ಕೆ ಬರುವ ಮೊತ್ತ 69,000 ರೂಪಾಯಿ, ಪೌಂಡಿಗೆ 115 ರೂಪಾಯಿ ಎಂದು ಹಿಡಿಯೋಣ. ಒಂದು ಪ್ರಯಾಣಕ್ಕೆ 600 ಪಾಯಿಂಟ್ಸ್. ಬರೀ ಇದರಿಂದ ಸಿಲ್ವರ್ ಬೇಕಾದರೆ ವರ್ಷಕ್ಕೆ 13 ಸಲ ಹೋಗಿಬರಬೇಕು. ಅದೇ ಮಾರ್ಗವನ್ನು ಲಂಡನ್ನಿನಿಂದ ಶುರು ಮಾಡಿ ಡಿಸೆಂಬರ್ ರಜೆಯ ದುಬಾರಿ ದರದಲ್ಲಿ ಕೊಂಡರೆ ಪಾಯಿಂಟ್ಸ್ ಹೆಚ್ಚು, ಜೇಬಿಗೆ ಕತ್ತರಿಯೂ ಹೆಚ್ಚು.

ಫ್ಲೈಯಿಂಗ್ ಬ್ಲೂ ಸ್ಟೇಟಸ್ ಹಾಗಲ್ಲ, ಅದು ದೂರ ಮತ್ತು ಕ್ಲಾಸ್ ನೋಡುತ್ತದೆ. ಬೆಂಗಳೂರು-ಪ್ಯಾರಿಸ್ 5,000 ಮೈಲಿಗೆ ಸ್ವಲ್ಪ ಕಡಿಮೆ. ಎಕಾನಮಿಯಲ್ಲಿ ಒಂದು ದಾರಿಗೆ 10 ಎಕ್ಸ್‌ಪಿ. ಹೋಗಿಬಂದರೆ 20; ಸಿಲ್ವರ್‌ಗೆ ಬೇಕಾದ 100ಕ್ಕೆ ಐದು ಪ್ರಯಾಣ. ಲಂಡನ್ನಿನಲ್ಲಿ ವಾಸಿಸುತ್ತಾ ಪ್ಯಾರಿಸ್ ಮೂಲಕ ಬಂದರೆ ಸಣ್ಣ ತುಂಡಿಗೆ ಮತ್ತೆ 5 ಸೇರಿ ಒಂದು ದಾರಿಗೆ 15, ನಾಲ್ಕು ಪ್ರಯಾಣಕ್ಕೇ 120. ಟಿಕೆಟ್ ಅಗ್ಗದ್ದೋ ದುಬಾರಿಯೋ, ಎಕ್ಸ್‌ಪಿ ಬದಲಾಗುವುದಿಲ್ಲ. ಕಂಪನಿಯ ದುಡ್ಡಿನಲ್ಲಿ ಹಾರುವವರಿಗೆ ಖರ್ಚಿನ ಪದ್ಧತಿ ಲಾಭ, ಸ್ವಂತ ದುಡ್ಡಿನಲ್ಲಿ ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಬರುವವರಿಗೆ ದೂರದ ಪದ್ಧತಿ ಲಾಭ.

ಮೈಲ್ಸ್ ಖರ್ಚು ಮಾಡುವಾಗಲೂ ಹೊರಡುವ ಊರು ಕಾಡುತ್ತದೆ. ಬ್ರಿಟನ್ನಿನಿಂದ ಹೊರಡುವ ವಿಮಾನಕ್ಕೆ ಏರ್ ಪ್ಯಾಸೆಂಜರ್ ಡ್ಯೂಟಿ ಎಂಬ ತೆರಿಗೆ ಇದೆ, ಮೈಲ್ಸ್ ಟಿಕೆಟ್ಟಿಗೂ ಬಿಡುವುದಿಲ್ಲ. ಭಾರತದಷ್ಟು ದೂರಕ್ಕೆ 2026ರ ಏಪ್ರಿಲ್‌ನಿಂದ ಎಕಾನಮಿಯಲ್ಲಿ 102 ಪೌಂಡ್, ಬಿಸಿನೆಸ್ ಕ್ಲಾಸಿನಲ್ಲಿ 244. ಲಂಡನ್ನಿಗೆ ಬರುವ ವಿಮಾನಕ್ಕೆ ಈ ತೆರಿಗೆ ಇಲ್ಲ. ಒಂದು ದಾರಿಗೆ ಮಾತ್ರ ಬಿಸಿನೆಸ್ ಕ್ಲಾಸ್‌ಗೆ ಸಾಕಾಗುವಷ್ಟು ಮೈಲ್ಸ್ ಇದ್ದರೆ ಅದನ್ನು ಬೆಂಗಳೂರಿನಿಂದ ಲಂಡನ್ನಿಗೆ ಬಳಸಿ, ಲಂಡನ್ನಿನಿಂದ ಹೊರಡುವಾಗ ಎಕಾನಮಿಯಲ್ಲಿ ಬಂದರೆ ತಲೆಗೆ 142 ಪೌಂಡ್ ಉಳಿತಾಯ. 16 ವರ್ಷದೊಳಗಿನ ಮಕ್ಕಳಿಗೆ ಎಕಾನಮಿಯಲ್ಲಿ ಈ ತೆರಿಗೆ ಇಲ್ಲವೇ ಇಲ್ಲ.

ಬಾಣಂತನಕ್ಕೆ ಹೋಗುವ ಅಮ್ಮನ ಖಾತೆ

ಮಕ್ಕಳು ಹೊರಗೆ ನೆಲೆಸಿದ ಮನೆಗಳಲ್ಲಿ ಅತಿ ಉದ್ದದ ಹಾರಾಟ ಮಾಡುವವರು ಅಪ್ಪ-ಅಮ್ಮ. ಮಗಳ ಬಾಣಂತನಕ್ಕೆ, ಮೊಮ್ಮಗನ ಹುಟ್ಟುಹಬ್ಬಕ್ಕೆ, ಸೊಸೆ ಮತ್ತೆ ಕೆಲಸಕ್ಕೆ ಸೇರಿದಾಗ. ಅವರಿಗೆ ಮೈಲ್ಸ್ ಖಾತೆಯೇ ಇರುವುದಿಲ್ಲ. ಅಮ್ಮ ಹಾರಿದ ಮೈಲ್ಸ್ ಮಗಳ ಖಾತೆಗೆ ಹಾಕಲು ಬರುವುದಿಲ್ಲ. ಯಾರು ಸೀಟಿನಲ್ಲಿ ಕೂತರೋ ಅವರ ಹೆಸರಿನ ಖಾತೆಗೇ ಹೋಗಬೇಕು. ಆದ್ದರಿಂದ ಟಿಕೆಟ್ ಮಾಡುವ ದಿನವೇ ಇಬ್ಬರಿಗೂ ಬೇರೆ ಬೇರೆ ಇಮೇಲ್‌ನಲ್ಲಿ ಖಾತೆ ತೆರೆದು, ವಿಳಾಸ ಬಸವನಗುಡಿಯದ್ದೇ ಹಾಕಬೇಕು. ಆರು ತಿಂಗಳು ಡಲ್ಲಾಸ್‌ನಲ್ಲಿದ್ದರೂ ಅವರು ಭಾರತದ ನಿವಾಸಿಗಳೇ.

ಕುಟುಂಬ ಖಾತೆ ಎಲ್ಲಿ ಎಡವಿಸುತ್ತದೆಂದರೆ, ಬ್ರಿಟಿಷ್ ಏರ್‌ವೇಸ್‌ನ ಹೌಸ್‌ಹೋಲ್ಡ್ ಅಕೌಂಟ್‌ನಲ್ಲಿ ಏಳು ಜನ ಸೇರಬಹುದು, ಆದರೆ ಎಲ್ಲರದೂ ಒಂದೇ ವಿಳಾಸ ಇರಬೇಕು. ಮಗ ಲಂಡನ್ನಿಗೆ ಹೋಗಿ ಗಂಡ-ಹೆಂಡತಿ ಹೌಸ್‌ಹೋಲ್ಡ್ ಮಾಡಿಕೊಂಡರೆ ಬೆಂಗಳೂರಿನ ಅಪ್ಪ-ಅಮ್ಮ ಅದರಲ್ಲಿ ಬರುವುದಿಲ್ಲ. ಅಷ್ಟೇ ಅಲ್ಲ, ಹೌಸ್‌ಹೋಲ್ಡ್ ಸೇರಿದ ಮೇಲೆ ಏವಿಯೋಸ್‌ನಿಂದ ಹೊರಗಿನವರಿಗೆ ಟಿಕೆಟ್ ಮಾಡಲೂ ಆಗದು. ಇದಕ್ಕೆ ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಎಂಬ ಐದು ಜನರ ಪಟ್ಟಿ ಇದೆ, ಅಪ್ಪ-ಅಮ್ಮನ ಹೆಸರು ಮೊದಲು ಅಲ್ಲಿಗೆ ಹಾಕಬೇಕು. ಕ್ರಿಸ್‌ಫ್ಲೈಯರ್‌ನಲ್ಲಿ ಈ ಗೋಜಿಲ್ಲ. ನಿಮ್ಮ ಮೈಲ್ಸ್‌ನಿಂದ ಟಿಕೆಟ್ ಪಡೆಯುವ ಐದು ನಾಮಿನಿಗಳನ್ನು ಸೇರಿಸಬಹುದು, ಅವರು ಯಾವ ದೇಶದಲ್ಲಿದ್ದರೂ ಸರಿ.

ಇನ್ನು ಹೆಸರು. ಕನ್ನಡಿಗರ ಇನಿಷಿಯಲ್ ಪದ್ಧತಿಯಷ್ಟು ಮೈಲ್ಸ್ ನುಂಗಿದ್ದು ಬೇರೊಂದಿಲ್ಲವೇನೋ. ಶಾಲೆಯಲ್ಲಿ ಕೆ. ಆರ್. ಮಂಜುನಾಥ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ, ಕೊಟ್ಟ ಹೆಸರು ಮಂಜುನಾಥ, ಸರ್‌ನೇಮ್ ಕೊಳ್ಳೇಗಾಲ ರಾಮಯ್ಯ. ಹತ್ತು ವರ್ಷದ ಹಿಂದೆ ತೆರೆದ ಮೈಲ್ಸ್ ಖಾತೆಯಲ್ಲಿ ಸರ್‌ನೇಮ್ ಜಾಗದಲ್ಲಿ ಕೆ. ಆರ್. ಎಂದಷ್ಟೇ ಇದೆ. ಟಿಕೆಟ್ ಪಾಸ್‌ಪೋರ್ಟಿನಂತೆ ಇರುತ್ತದೆ, ಸಿಸ್ಟಮ್‌ಗೆ ಎರಡೂ ಒಬ್ಬರೇ ಎಂದು ಗೊತ್ತಾಗುವುದಿಲ್ಲ, ಮೈಲ್ಸ್ ಬೀಳುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಪಾಡು ಇನ್ನೂ ವಿಚಿತ್ರ: ಅಮೆರಿಕದ ವೀಸಾದಲ್ಲಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಕೊಟ್ಟ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂದು ಬರುತ್ತದೆ. ಕೆಲವು ಕಂಪನಿಗಳ ಟಿಕೆಟ್ಟಿನಲ್ಲಿ ಒಂದೇ ಹೆಸರು ಎರಡು ಸಲ ಇರುತ್ತದೆ. ಪರಿಹಾರ ಒಂದೇ: ಹೊರಡುವ ಮೊದಲು, ಇನ್ನೂ ಭಾರತದ ನಂಬರಿಗೆ ಒಟಿಪಿ ಬರುತ್ತಿರುವಾಗಲೇ, ಪಾಸ್‌ಪೋರ್ಟ್ ಪ್ರತಿ ಕಳಿಸಿ ಮೈಲ್ಸ್ ಖಾತೆಯ ಹೆಸರನ್ನು ಪಾಸ್‌ಪೋರ್ಟಿನಂತೆ ತಿದ್ದಿಸುವುದು. ಹೆಸರು ಮತ್ತು ದೇಶ ಎರಡನ್ನೂ ಒಟ್ಟಿಗೆ ಬದಲಿಸಿ, ಇಮೇಲನ್ನೂ ಬದಲಿಸಿ, ಅದೇ ವಾರ ಬೇರೆಯವರ ಹೆಸರಿಗೆ ಲಕ್ಷ ಮೈಲ್ಸ್‌ನ ಟಿಕೆಟ್ ಮಾಡಹೋದರೆ ಖಾತೆ ಕಳವಾಗಿದೆ ಎಂದು ತಿಳಿದು ತಡೆಹಿಡಿಯುತ್ತಾರೆ. ತಪ್ಪು ಅವರದಲ್ಲ, ಕಳ್ಳರೂ ಮಾಡುವುದು ಹೀಗೆಯೇ.

ಬೀಳದ ಮೈಲ್ಸ್ ಕೇಳಲು ಟಿಕೆಟ್ ನಂಬರ್ ಬೇಕು. ಆರು ಅಕ್ಷರದ ಪಿಎನ್‌ಆರ್ ಸಾಲದು. ಟಿಕೆಟ್ ನಂಬರ್ 13 ಅಂಕಿಯದು, ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯದು, ಏರ್ ಇಂಡಿಯಾ ಆದರೆ 098, ಸಿಂಗಪುರ್ ಆದರೆ 618, ಬ್ರಿಟಿಷ್ ಏರ್‌ವೇಸ್ ಆದರೆ 125. ಆಫೀಸಿನ ಟ್ರಾವೆಲ್ ಡೆಸ್ಕ್ ಮಾಡಿದ ಟಿಕೆಟ್‌ಗಳ ಪಿಡಿಎಫ್ ಆಫೀಸ್ ಇಮೇಲ್‌ನಲ್ಲೇ ಇರುತ್ತದೆ, ಅದು ಹೋಗುವ ಮೊದಲು ಉಳಿಸಿಕೊಳ್ಳಿ. ಕ್ರಿಸ್‌ಫ್ಲೈಯರ್‌ನಲ್ಲಿ ಹೀಗೆ ಕೇಳಲು ಆರು ತಿಂಗಳ ಗಡುವು.

ಮರಳಿ ಬರುವವರಿಗೆ ಇದೇ ಆಟ ಉಲ್ಟಾ. ಅಮೆರಿಕದ ಬ್ಯಾಂಕ್ ಕಾರ್ಡ್ ಮುಚ್ಚುವ ಮೊದಲು ಪಾಯಿಂಟ್ಸ್ ಸಾಗಿಸಿ. ಬ್ರಿಟನ್ನಿನಲ್ಲಿದ್ದರೆ ನೆಕ್ಟರ್‌ನಲ್ಲಿ ಉಳಿದದ್ದನ್ನು ಏವಿಯೋಸ್ ಮಾಡಿಕೊಳ್ಳಿ. ಯುನೈಟೆಡ್ ಮೈಲ್ಸ್ ಎಷ್ಟು ವರ್ಷವಾದರೂ ಕಾಯುತ್ತವೆ, ಅವುಗಳಿಂದ ಏರ್ ಇಂಡಿಯಾ ಟಿಕೆಟ್ಟೂ ಮಾಡಬಹುದು. ಅಮೆರಿಕನ್ ಏರ್‌ಲೈನ್ಸ್ ಮೈಲ್ಸ್ ಇದ್ದವರು ಮಾತ್ರ ವೈಟ್‌ಫೀಲ್ಡಿನ ಹೊಸ ಮನೆಯ ಗೃಹಪ್ರವೇಶದ ಗಡಿಬಿಡಿಯಲ್ಲೂ 24 ತಿಂಗಳ ಗಡುವಿಗೆ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಕೊಂಡಿರಬೇಕು. ಪ್ರೊಫೈಲ್‌ನಲ್ಲಿ ದೇಶ ಮತ್ತೆ ಇಂಡಿಯಾ ಮಾಡುವುದು ಬಾಕಿ ಮೈಲ್ಸ್ ಎಲ್ಲ ಬಿದ್ದಮೇಲೆ, ವಿದೇಶದ ಸಿಮ್ ಇನ್ನೂ ಫೋನಿನಲ್ಲಿರುವಾಗ.